ಚಂದ್ರನಿಗೆ ಹೋದರು, ಖಂಡ ಜರುಗುತ್ತದೆ ಎಂದು ಒಪ್ಪಲು ಮಾತ್ರ 56 ವರ್ಷ ಬೇಕಾಯಿತಾ?

ಕಿರಣ್_ತುಮಕೂರು | ಶುಕ್ರವಾರ ರಾತ್ರಿ 10:12

ಮಗಳ ಪಾಠ ನೋಡುತ್ತಾ ಕೂತಿದ್ದೆ. ಆಲ್‌ಫ್ರೆಡ್ ವೆಗೆನರ್ ಎಂಬ ಜರ್ಮನ್ ವಿಜ್ಞಾನಿ 1912ರಲ್ಲಿ, ಖಂಡಗಳೆಲ್ಲ ಒಂದು ಕಾಲಕ್ಕೆ ಒಟ್ಟಿಗಿದ್ದವು, ಆಮೇಲೆ ದೂರ ಸರಿದವು ಎಂದ. ಭೂವಿಜ್ಞಾನಿಗಳು ಅದನ್ನು ಒಪ್ಪಿದ್ದು ಹೆಚ್ಚುಕಮ್ಮಿ 1968ಕ್ಕೆ. ಪಾಠದಲ್ಲಿ ಇಷ್ಟಕ್ಕೆ ಎರಡೇ ಸಾಲು. ಮಗಳು "ಅಷ್ಟು ವರ್ಷ ಅವರೆಲ್ಲ ಏನು ಮಾಡ್ತಿದ್ರು ಅಪ್ಪಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳು ಮಲಗಿದ ಮೇಲೆ ಸುಮ್ನೆ ಹಾಳೆಯ ಮಧ್ಯೆ ಒಂದು ಗೆರೆ ಎಳೆದು ಬರೆದೆ. ಎಡಗಡೆ ತಂತ್ರಜ್ಞಾನ. 1903ರಲ್ಲಿ ರೈಟ್ ಸಹೋದರರ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡ್. 1938ರ ಕೊನೆಗೆ ಯುರೇನಿಯಂ ಪರಮಾಣು ಒಡೆಯುತ್ತದೆ ಎಂದು ಗೊತ್ತಾಯಿತು, 1945ಕ್ಕೆ ಬಾಂಬ್. 1947ರಲ್ಲಿ ಟ್ರಾನ್ಸಿಸ್ಟರ್, 1954ಕ್ಕೆ ಜೇಬಿನಲ್ಲಿ ಇಟ್ಟುಕೊಳ್ಳುವ ರೇಡಿಯೊ. 1957 ಸ್ಪುಟ್ನಿಕ್. 1968ರ ಡಿಸೆಂಬರ್‌ನಲ್ಲಿ ಅಪೊಲೊ 8ರಲ್ಲಿ ಮೂವರು ಚಂದ್ರನನ್ನು ಸುತ್ತಿ ಬಂದರು. ಬಲಗಡೆ ಭೂವಿಜ್ಞಾನ. 1912: ವೆಗೆನರ್ ಹೇಳಿದ. 1968: ಹೌದು ಎಂದರು. ನಡುವೆ ಇಡೀ ಹಾಳೆ ಖಾಲಿ.

ನಾನು ಸಾಫ್ಟ್‌ವೇರ್ ಕೆಲಸದವನು. ಯಾರಾದರೂ ತೋರಿಸಿಕೊಟ್ಟ ಬಗ್ ಅನ್ನು ಎರಡು ವಾರ ಮುಟ್ಟದೆ ಬಿಟ್ಟರೆ ನಮ್ಮ ಮ್ಯಾನೇಜರ್ ಸುಮ್ಮನೆ ಬಿಡುವುದಿಲ್ಲ. ಇವರು 56 ವರ್ಷ ಬಿಟ್ಟಿದ್ದಾರೆ. ನಿದ್ದೆ ಮಾಡುತ್ತಿದ್ದರಾ? ಗೊತ್ತಿರುವವರು ಹೇಳಿ.

ಪುಟ್ಟಸ್ವಾಮಿ_ಎಚ್ | ಶುಕ್ರವಾರ ರಾತ್ರಿ 10:20

ನಮ್ಮೂರ ಸೇತುವೆಗೆ ಗುದ್ದಲಿಪೂಜೆ ಆದಾಗ ನಾನು ಹೈಸ್ಕೂಲು. ಈಗ ನನ್ನ ಮಗ ಹೈಸ್ಕೂಲು. ಕಂಬ ಎರಡೇ ಎದ್ದಿವೆ. 56 ವರ್ಷ ಎಲ್ಲಾ ಒಂದು ಲೆಕ್ಕವೇ ಅಲ್ಲ ಗುರು.

ಬಂಡೆ_ಶಾರದಾ | ಶುಕ್ರವಾರ ರಾತ್ರಿ 11:05

ಕಿರಣ್, ಹಾಳೆಯ ಬಲಗಡೆ ಖಾಲಿ ಇರುವುದು ನೀವು ಏನೂ ಬರೆಯಲಿಲ್ಲ ಎಂದು. ನಡುವೆ ಬೇಕಾದಷ್ಟು ನಡೆದಿದೆ. ನಾನು ಜಿಯಾಲಜಿ ಓದಿದವಳು, ಇಪ್ಪತ್ತು ವರ್ಷ ಬಂಡೆ ಒಡೆದಿದ್ದೇನೆ. ಅದಕ್ಕೇ ನಮ್ಮವರ ಪರವಾಗಿ ಸ್ವಲ್ಪ ಮಾತಾಡುತ್ತೇನೆ.

ಮೊದಲು ವೆಗೆನರ್ ಯಾರು ಎಂದು ನೋಡಿ. ಅವನು ಭೂವಿಜ್ಞಾನಿಯೇ ಅಲ್ಲ. ಡಾಕ್ಟರೇಟ್ ಮಾಡಿದ್ದು ಖಗೋಳದಲ್ಲಿ, ಕೆಲಸ ಹವಾಮಾನದ್ದು. 1906ರಲ್ಲಿ ಅಣ್ಣನ ಜೊತೆ ಬಲೂನಿನಲ್ಲಿ 52 ಗಂಟೆಗಿಂತ ಜಾಸ್ತಿ ತೇಲಿ ದಾಖಲೆ ಮಾಡಿದ್ದ. 1912ರ ಜನವರಿ 6ರಂದು ಫ್ರಾಂಕ್‌ಫರ್ಟ್‌ನಲ್ಲಿ ಭೂವಿಜ್ಞಾನಿಗಳ ಸಭೆಯಲ್ಲಿ ಎದ್ದು ನಿಂತು ಖಂಡಗಳು ಸರಿದಿವೆ ಎಂದ. ಹೊರಗಿನವನು ಬಂದು ನಿಮ್ಮ ಕೋಡ್ ಬುಡದಿಂದಲೇ ತಪ್ಪು ಎಂದರೆ ನಿಮ್ಮ ಟೀಮ್ ಚಪ್ಪಾಳೆ ತಟ್ಟುತ್ತದಾ?

ಅವನ ಸಾಕ್ಷಿ ಗಟ್ಟಿಯಾಗಿಯೇ ಇತ್ತು, ಒಪ್ಪುತ್ತೇನೆ. ಮೆಸೊಸಾರಸ್ ಎಂಬ ಸಣ್ಣ ಸರೀಸೃಪದ ಪಳೆಯುಳಿಕೆ ಸಿಗುವುದು ಬ್ರೆಜಿಲ್ ಕಡೆ ಮತ್ತು ದಕ್ಷಿಣ ಆಫ್ರಿಕಾ ಕಡೆ, ಬೇರೆಲ್ಲೂ ಇಲ್ಲ. ಗ್ಲಾಸಾಪ್ಟೆರಿಸ್ ಗಿಡದ ಎಲೆಯ ಅಚ್ಚು ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ ಎಲ್ಲ ಕಡೆ.

ಆದರೆ ಖಂಡವನ್ನು ದೂಡಿದ್ದು ಯಾರು? ಭೂಮಿ ತಿರುಗುವುದರಿಂದ ಹುಟ್ಟುವ ಒಂದು ಸೆಳೆತ, ಜೊತೆಗೆ ಸೂರ್ಯ ಚಂದ್ರರ ಸೆಳೆತ ಎಂದ ವೆಗೆನರ್. ಬ್ರಿಟನ್‌ನ ಹೆರಾಲ್ಡ್ ಜೆಫ್ರೀಸ್ ಕೂತು ಲೆಕ್ಕ ಹಾಕಿದ. ಆ ಬಲಗಳು ಏನೇನೂ ಸಾಲವು. ಖಂಡವನ್ನು ಎಳೆಯುವಷ್ಟು ಜೋರು ಚಂದ್ರನ ಸೆಳೆತಕ್ಕೆ ಇದ್ದಿದ್ದರೆ ಭೂಮಿ ತಿರುಗುವುದೇ ಒಂದು ವರ್ಷದೊಳಗೆ ನಿಂತು ಹೋಗುತ್ತಿತ್ತು. ಈ ಲೆಕ್ಕ ಸರಿಯಾಗಿಯೇ ಇತ್ತು. ಇನ್ನು ವೇಗ. ಗ್ರೀನ್‌ಲೆಂಡ್ ವರ್ಷಕ್ಕೆ ಹತ್ತಾರು ಮೀಟರ್ ಸರಿಯುತ್ತಿದೆ ಎಂದು ವೆಗೆನರ್ ನಂಬಿದ್ದ. ನಿಜವಾದ ವೇಗ ಎರಡು ಸೆಂಟಿಮೀಟರಿನ ಆಸುಪಾಸು. ಅಂದರೆ ಸಾವಿರ ಪಟ್ಟಿಗೂ ಜಾಸ್ತಿ ತಪ್ಪು. ಕಾರಣ ತಪ್ಪು, ವೇಗ ತಪ್ಪು. ಇಂಥ ವರದಿ ನಿಮ್ಮ ಟೇಬಲ್ಲಿಗೆ ಬಂದರೆ ಸಹಿ ಹಾಕುತ್ತೀರಾ?

ಕಿರಣ್_ತುಮಕೂರು | ಶುಕ್ರವಾರ ರಾತ್ರಿ 11:31

ಶಾರದಾ ಮೇಡಂ, ಇಲ್ಲೇ ನನ್ನ ತಕರಾರು. ಆ್ಯಪ್ ಕುಸಿದು ಬೀಳುತ್ತಿದೆ ಎಂದು ಗ್ರಾಹಕ ಫೋಟೊ ಸಮೇತ ಕಳಿಸಿದ್ದಾನೆ. ಯಾಕೆ ಬೀಳುತ್ತಿದೆ ಎಂದು ಅವನು ಕೊಟ್ಟ ಕಾರಣ ಬರೀ ತಪ್ಪು. ಹಾಗೆಂದು "ಕಾರಣ ತಪ್ಪು, ಆದ್ದರಿಂದ ಆ್ಯಪ್ ಬೀಳುತ್ತಿಲ್ಲ" ಎನ್ನಲು ಆಗುತ್ತದಾ? ಮೆಸೊಸಾರಸ್ ಎರಡೂ ಕಡೆ ಇದ್ದದ್ದಂತೂ ನಿಜ ಅಲ್ವಾ? ಅದಕ್ಕೆ ಇವರು ಏನು ಉತ್ತರ ಕೊಟ್ಟರು?

ಬಂಡೆ_ಶಾರದಾ | ಶುಕ್ರವಾರ ರಾತ್ರಿ 11:38

ಭೂಸೇತುವೆ. ಖಂಡಗಳ ನಡುವೆ ಉದ್ದಕ್ಕೆ ನೆಲ ಇತ್ತು, ಪ್ರಾಣಿ ನಡೆದು ಬಂತು, ಆಮೇಲೆ ಆ ನೆಲ ಮುಳುಗಿ ಹೋಯಿತು.

ಪುಟ್ಟಸ್ವಾಮಿ_ಎಚ್ | ಶುಕ್ರವಾರ ರಾತ್ರಿ 11:40

ಮುಳುಗಿದರೂ ಒಂದು ಸಲ ಪೂರ್ತಿ ಆಗಿತ್ತಲ್ಲ. ನಮ್ಮದಕ್ಕಿಂತ ವಾಸಿ.

ನಿವೃತ್ತ_ಮೇಷ್ಟ್ರು | ಶನಿವಾರ ಬೆಳಿಗ್ಗೆ 6:15

ಎಲ್ಲರಿಗೂ ನಮಸ್ಕಾರ. ಈ ಭೂಸೇತುವೆಯನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು ನಾನು. ಹಾಗಾಗಿ ಬಾಯಿ ಹಾಕುತ್ತಿದ್ದೇನೆ.

ನಾನು ಬಿಎಸ್ಸಿ ಜಿಯಾಲಜಿಗೆ ಸೇರಿದ್ದು 1966ರಲ್ಲಿ. ಪರ್ವತ ಹುಟ್ಟಿದ್ದು ಹೇಗೆ ಎಂಬ ಪಾಠಕ್ಕೆ ನಮ್ಮ ಪ್ರೊಫೆಸರು ಒಣಗಿದ ನಿಂಬೆಹಣ್ಣು ತರುತ್ತಿದ್ದರು. ಉಪ್ಪಿನಕಾಯಿಗೂ ಬಾರದ, ಕಲ್ಲಿನಂತಾದ ನಿಂಬೆಹಣ್ಣು. ಭೂಮಿ ತಣ್ಣಗಾಗುತ್ತಾ ಕುಗ್ಗಿತು, ಸಿಪ್ಪೆ ಸುಕ್ಕುಗಟ್ಟಿತು, ಆ ಸುಕ್ಕೇ ಹಿಮಾಲಯ ಎನ್ನುತ್ತಿದ್ದರು. ಒಬ್ಬೊಬ್ಬರ ಕೈಗೂ ಕೊಟ್ಟು ಮುಟ್ಟಿ ನೋಡಿ ಎನ್ನುತ್ತಿದ್ದರು. ಪಾಠ ಚೆನ್ನಾಗಿತ್ತು. ಇವತ್ತಿಗೂ ಮರೆತಿಲ್ಲ. ತಪ್ಪು ಅಷ್ಟೇ.

ಡಿಪಾರ್ಟ್‌ಮೆಂಟಿನ ಗಾಜಿನ ಬೀರುವಿನಲ್ಲಿ ಮುಷ್ಟಿ ಗಾತ್ರದ ಒಂದು ಕಲ್ಲು ಇತ್ತು. ಒರಿಸ್ಸಾದ ತಾಲ್ಚೇರ್ ಕಡೆಯದು. ಒಂದು ಬದಿ ಯಾರೋ ಉಜ್ಜಿದಂತೆ ಚಪ್ಪಟೆ. ಅದರ ಮೇಲೆ ಉದ್ದುದ್ದ ಗೀರು, ಬೆರಳು ಆಡಿಸಿದರೆ ಉಗುರಿಗೆ ತಗಲುತ್ತಿತ್ತು. ಹಿಮನದಿ ಹೊಟ್ಟೆಯಡಿ ಸಿಕ್ಕಿಸಿಕೊಂಡು ನೆಲಕ್ಕೆ ತಿಕ್ಕಿದ ಕಲ್ಲು ಅದು. ತಾಲ್ಚೇರ್‌ನಲ್ಲಿ ಹಿಮ ಇತ್ತು ಎಂದು 1856ರಲ್ಲೇ ಬ್ಲಾನ್‌ಫರ್ಡ್ ಸಹೋದರರು ಗುರುತಿಸಿದ್ದರು. ವೆಗೆನರ್ ಹುಟ್ಟುವುದಕ್ಕೂ ಮೊದಲು! ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ಊರು ಅದು. ಅಲ್ಲಿ ಹಿಮ ಎಲ್ಲಿಂದ ಬಂತು ಸಾರ್ ಎಂದು ಕೇಳಿದೆ. ಪ್ರೊಫೆಸರು ಬಾಗಿಲ ಕಡೆ ನೋಡಿ, "ವೆಗೆನರ್ ಅಂತ ಒಬ್ಬ ಇದ್ದಾನೆ, ಓದಿಕೋ. ಪರೀಕ್ಷೆಗೆ ಮಾತ್ರ ಭೂಸೇತುವೆ ಬರಿ" ಎಂದರು.

ಇನ್ನೊಂದು ತಮಾಷೆ. ಗೊಂಡ್ವಾನ ಎಂಬ ಹೆಸರೇ ನಮ್ಮದು. ಮಧ್ಯಭಾರತದ ಗೊಂಡರ ನಾಡು. 1870ರ ದಶಕದಲ್ಲಿ ಇಲ್ಲಿ ಕೆಲಸ ಮಾಡುತ್ತಿದ್ದ ಭೂವಿಜ್ಞಾನಿಗಳು ಕಲ್ಲಿದ್ದಲು ಇರುವ ಇಲ್ಲಿನ ಬಂಡೆಗಳಿಗೆ ಆ ಹೆಸರು ಇಟ್ಟರು. ಆಸ್ಟ್ರಿಯಾದ ಎಡ್ವರ್ಡ್ ಸೂಸ್ ಅದನ್ನೇ ತೆಗೆದುಕೊಂಡು 1885ರಲ್ಲಿ ದೊಡ್ಡ ಖಂಡಕ್ಕೆ ಗೊಂಡ್ವಾನಲ್ಯಾಂಡ್ ಎಂದ. ಆದರೆ ಅವನ ಪ್ರಕಾರ ಅದು ಒಡೆದು ದೂರ ಹೋಗಿದ್ದಲ್ಲ, ನಡುನಡುವೆ ಮುಳುಗಿದ್ದು. ನಾವೂ ಹಾಗೇ ಬರೆದೆವು. ಕೊನೆಯ ವರ್ಷ, 1969ರಲ್ಲಿ, ಪ್ರೊಫೆಸರು ಸೈಕ್ಲೋಸ್ಟೈಲ್ ಮಾಡಿದ ನಾಲ್ಕು ಹಾಳೆ ಹಂಚಿದರು. ಫಲಕಗಳು (ಭೂಮಿಯ ಗಟ್ಟಿ ಹೊರಪದರದ ಸರಿಯುವ ದೊಡ್ಡ ತುಂಡುಗಳು), ಸಾಗರದ ತಳ ಹರಡುವುದು, ಎಲ್ಲ ಅದರಲ್ಲಿತ್ತು. "ಹಳೇ ನೋಟ್ಸ್ ಬಿಸಾಡಬೇಡಿ, ಪ್ರಶ್ನೆಪತ್ರಿಕೆ ಇನ್ನೂ ಬದಲಾಗಿಲ್ಲ" ಎಂದೂ ಸೇರಿಸಿದರು.

ಕಡಲು_ರಘು | ಶನಿವಾರ ಬೆಳಿಗ್ಗೆ 9:50

ಮೇಷ್ಟ್ರೇ, ಆ ನಾಲ್ಕು ಹಾಳೆ ಎಲ್ಲಿಂದ ಬಂತು ಎಂಬುದೇ ಕಿರಣ್ ಅವರ ಪ್ರಶ್ನೆಗೆ ಉತ್ತರ. ನಾನು ಹಡಗಿನಲ್ಲಿ ಸಮುದ್ರದ ಆಳ ಅಳೆಯುವ ಕೆಲಸದಲ್ಲಿದ್ದವನು. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಕಿರಣ್ ತಂತ್ರಜ್ಞಾನ ಒಂದು ಕುದುರೆ, ಭೂವಿಜ್ಞಾನ ಇನ್ನೊಂದು ಕುದುರೆ ಎಂದು ರೇಸ್ ಇಟ್ಟಿದ್ದಾರೆ. ಎರಡನೆಯದು ಕುದುರೆಯೇ ಅಲ್ಲ, ಮೊದಲನೆಯದಕ್ಕೆ ಕಟ್ಟಿದ ಗಾಡಿ. ವೆಗೆನರ್ ನೋಡಿದ್ದು ಒಣನೆಲ ಮಾತ್ರ. ಭೂಮಿಯ ಮುಕ್ಕಾಲು ಭಾಗಕ್ಕೆ ಹತ್ತಿರ ನೀರಿನಡಿ ಇದೆ, ಉತ್ತರ ಇದ್ದದ್ದೂ ಅಲ್ಲೇ. 1912ರಲ್ಲಿ ಸಮುದ್ರದ ಆಳ ನೋಡಬೇಕಾದರೆ ಸೀಸದ ಗುಂಡು ಕಟ್ಟಿದ ತಂತಿ ಇಳಿಸಬೇಕು. ಆಳದ ಕಡಲಿನಲ್ಲಿ ಒಂದು ಸಲ ಇಳಿಸಿ ಎತ್ತಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅದರಲ್ಲಿ ಎಷ್ಟು ಜಾಗ ಅಳೆಯುತ್ತೀರಿ?

ಎರಡನೇ ಮಹಾಯುದ್ಧದಲ್ಲಿ ಹ್ಯಾರಿ ಹೆಸ್ ಎಂಬ ಪ್ರೊಫೆಸರ್ ಅಮೆರಿಕದ ನೌಕಾಪಡೆಯಲ್ಲಿ ಕೇಪ್ ಜಾನ್ಸನ್ ಎಂಬ ಹಡಗಿನ ಕ್ಯಾಪ್ಟನ್ ಆಗಿದ್ದ. ಸೈನಿಕರನ್ನು ಇಳಿಸುವ ಹಡಗು. ಅದರ ಎಕೋ ಸೌಂಡರ್, ಅಂದರೆ ಸದ್ದಿನ ಪ್ರತಿಧ್ವನಿಯಿಂದ ಆಳ ಅಳೆಯುವ ಯಂತ್ರವನ್ನು ಅವನು ಪೆಸಿಫಿಕ್ ಉದ್ದಕ್ಕೂ ಆಫ್ ಮಾಡಲೇ ಇಲ್ಲ. ತಲೆ ಚಪ್ಪಟೆಯಾದ ಮುಳುಗಿದ ಬೆಟ್ಟಗಳು ಸಾಲುಸಾಲು ಸಿಕ್ಕವು. ಸಾಗರದ ತಳ ನಡುವಿನ ಬೆಟ್ಟಸಾಲಿನಲ್ಲಿ ಹುಟ್ಟಿ, ಎರಡೂ ಕಡೆ ಸರಿದು, ಕೊನೆಗೆ ಆಳದ ಕಂದಕದಲ್ಲಿ ಒಳಗೆ ಇಳಿಯುತ್ತದೆ ಎಂದು 1962ರಲ್ಲಿ ಬರೆದ. ಅವನೇ ಅದನ್ನು ಭೂಕಾವ್ಯ ಎಂದು ಕರೆದ, ಯಾಕೆಂದರೆ ಕೈಯಲ್ಲಿ ಪುರಾವೆ ಇರಲಿಲ್ಲ.

ಪುರಾವೆ ಬಂದದ್ದು ಜಲಾಂತರ್ಗಾಮಿ ಹಿಡಿಯುವ ಯಂತ್ರದಿಂದ. ಕಬ್ಬಿಣದ ಜಲಾಂತರ್ಗಾಮಿ ಅಡಿಯಲ್ಲಿದ್ದರೆ ಮೇಲಿನ ಅಯಸ್ಕಾಂತ ಬಲ ಒಂದು ಚೂರು ಬದಲಾಗುತ್ತದೆ. ಅದನ್ನು ಹಿಡಿಯಲು ಯುದ್ಧದಲ್ಲಿ ಮ್ಯಾಗ್ನೆಟೋಮೀಟರ್ ಪಳಗಿತು. ಯುದ್ಧ ಮುಗಿದ ಮೇಲೆ ವಿಜ್ಞಾನಿಗಳು ಅದನ್ನೇ ಹಡಗಿನ ಹಿಂದೆ ಹಗ್ಗ ಕಟ್ಟಿ ಎಳೆದರು. ಸಾಗರದ ತಳದಲ್ಲಿ ಪಟ್ಟೆಪಟ್ಟೆ ಕಂಡಿತು. ಒಂದು ಪಟ್ಟೆಯಲ್ಲಿ ಬಲ ಜಾಸ್ತಿ, ಪಕ್ಕದ್ದರಲ್ಲಿ ಕಮ್ಮಿ, ಹೀಗೇ.

ಲಾವಾ ಗಟ್ಟಿಯಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಉತ್ತರ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಅಯಸ್ಕಾಂತ ಲಕ್ಷಾಂತರ ವರ್ಷಕ್ಕೊಮ್ಮೆ ತಲೆಕೆಳಗಾಗುತ್ತದೆ. ಈಗ ಒಂದು ಸೀರೆಯನ್ನು ಮಧ್ಯದಿಂದ ಶುರು ಮಾಡಿ ಎರಡೂ ಕಡೆಗೆ ಒಟ್ಟಿಗೆ ನೇಯುತ್ತಿದ್ದಾರೆ ಎಂದುಕೊಳ್ಳಿ. ನೂಲಿನ ಬಣ್ಣ ಬದಲಾಯಿಸಿದಾಗಲೆಲ್ಲ ಎಡಕ್ಕೂ ಬಲಕ್ಕೂ ಅದೇ ಪಟ್ಟೆ, ಅದೇ ಅಗಲ. ಸಾಗರದ ತಳ ಇದೇ ನೇಯ್ಗೆ. ಬ್ರಿಟನ್ನಿನ ಓವನ್ ಎಂಬ ಹಡಗು 1962ರಲ್ಲಿ ಭಾರತಕ್ಕೂ ಆಫ್ರಿಕಾಕ್ಕೂ ನಡುವಿನ ಕಾರ್ಲ್ಸ್‌ಬರ್ಗ್ ಎಂಬ ಮುಳುಗಿದ ಬೆಟ್ಟಸಾಲಿನ ಮೇಲೆ ಓಡಾಡಿ ಅಳೆದದ್ದನ್ನು ಇಟ್ಟುಕೊಂಡು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಇದನ್ನು ಬರೆದರು. ನಮ್ಮ ಕಡಲಿನ ಅಳತೆ ಅದು! ಅದೇ ವರ್ಷ, ಅವರಿಗಿಂತ ಮೊದಲೇ, ಕೆನಡಾದ ಲಾರೆನ್ಸ್ ಮಾರ್ಲಿ ಇದೇ ಮಾತನ್ನು ಬರೆದು ಕಳಿಸಿದ್ದ. ಎರಡು ಪತ್ರಿಕೆಗಳು ವಾಪಸ್ ಮಾಡಿದವು. ಇದು ಪಾರ್ಟಿಯಲ್ಲಿ ಗ್ಲಾಸು ಹಿಡಿದು ಆಡುವ ಮಾತು, ಅಚ್ಚು ಹಾಕುವಂಥದ್ದಲ್ಲ ಎಂದು ಒಬ್ಬ ಪರಿಶೀಲಕ ಬರೆದಿದ್ದ.

ಕೊನೆಯ ಮೊಳೆ ಎಲ್ಟಾನಿನ್ ಎಂಬ ಹಡಗಿನ 19ನೇ ಯಾತ್ರೆಯದು. ದಕ್ಷಿಣ ಪೆಸಿಫಿಕ್‌ನಲ್ಲಿ ಬೆಟ್ಟಸಾಲನ್ನು ಅಡ್ಡ ದಾಟಿ ತೆಗೆದ ಅಯಸ್ಕಾಂತ ಬಲದ ಒಂದು ಗೆರೆ. ಹಾಳೆಯನ್ನು ಎಡಬಲ ತಿರುವಿ ಹಿಡಿದರೂ ಏರಿಳಿತ ಅದೇ. 1966ರಲ್ಲಿ ಅದನ್ನು ನೋಡಿದ ಮೇಲೆ ಎಷ್ಟೋ ಜನ ವಿರೋಧಿಗಳು ಬಾಯಿ ಮುಚ್ಚಿದರು.

ಈಗ ಕಿರಣ್ ಅವರ ಹಾಳೆಯ ಕೊನೆಯ ಸಾಲು. 1968ರ ಡಿಸೆಂಬರ್, ಅಪೊಲೊ 8. ಸರಿಯಾಗಿ ಅದೇ ತಿಂಗಳು ಗ್ಲೋಮಾರ್ ಚಾಲೆಂಜರ್ ಎಂಬ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ತಳಕ್ಕೆ ಬೋರು ಹಾಕುತ್ತಿತ್ತು. ಕಿಲೋಮೀಟರ್‌ಗಟ್ಟಲೆ ನೀರಿನ ಮೇಲೆ ಲಂಗರು ಇಲ್ಲದೆ ಹಡಗು ಒಂದೇ ಜಾಗದಲ್ಲಿ ನಿಲ್ಲಬೇಕು. ಸಮುದ್ರದ ತಳದಲ್ಲಿ ಸದ್ದು ಮಾಡುವ ಪೆಟ್ಟಿಗೆ ಇಟ್ಟು, ಅದನ್ನು ಕೇಳಿ ಕೇಳಿ ಕಂಪ್ಯೂಟರ್ ಹಡಗನ್ನು ಆಚೀಚೆ ಸರಿಸುತ್ತಿತ್ತು. ನಡುವಿನ ಬೆಟ್ಟಸಾಲಿನಿಂದ ದೂರ ಹೋದಷ್ಟೂ ತಳ ಹಳೆಯದು ಎಂದು ಮಣ್ಣೇ ಹೇಳಿತು. ಚಂದ್ರನಿಗೆ ಹೋಗಿದ್ದೂ ಇದು ಗೊತ್ತಾಗಿದ್ದೂ ಒಂದೇ ತಿಂಗಳು. ತಡ ಎಲ್ಲಿ ಆಯಿತು ಹೇಳಿ?

ಡಾಕ್ಟರ್_ಲತಾ | ಶನಿವಾರ ಮಧ್ಯಾಹ್ನ 2:10

ರಘು ಸರ್ ಬರೆದದ್ದರಲ್ಲಿ ಒಬ್ಬಳು ಬಿಟ್ಟುಹೋಗಿದ್ದಾಳೆ. ಮೇರಿ ಥಾರ್ಪ್. ನ್ಯೂಯಾರ್ಕ್ ಕಡೆಯ ಲಮಾಂಟ್ ಪ್ರಯೋಗಾಲಯದಲ್ಲಿ ನಕ್ಷೆ ಬರೆಯುತ್ತಿದ್ದಳು. ಹೆಂಗಸು ಎಂದು ಹಡಗು ಹತ್ತಲು ಬಿಡುತ್ತಿರಲಿಲ್ಲ. ಗಂಡಸರು ತಂದ ಎಕೋ ಸೌಂಡರ್ ಅಂಕಿಗಳನ್ನು ಮೇಜಿನ ಮೇಲೆ ಕೂತು ಗೆರೆ ಮಾಡುತ್ತಿದ್ದಳು. 1952ರ ಸುಮಾರಿಗೆ ಅಟ್ಲಾಂಟಿಕ್‌ನ ನಡುವಿನ ಬೆಟ್ಟಸಾಲಿನ ನೆತ್ತಿಯ ಮೇಲೆ ಒಂದು ಕಣಿವೆ ಕಂಡಳು. ನೆಲ ಅಲ್ಲಿ ಬಿರಿಯುತ್ತಿದೆ ಎಂದಳು. ಜೊತೆಯಲ್ಲಿದ್ದ ಬ್ರೂಸ್ ಹೀಜನ್ ಅದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದ. ಪಕ್ಕದ ಮೇಜಿನಲ್ಲಿ ಇನ್ನೊಬ್ಬ, ಸಮುದ್ರದಡಿಯ ಕೇಬಲ್ ಕೆಲಸಕ್ಕೆಂದು, ಭೂಕಂಪ ಆದ ಜಾಗಗಳಿಗೆ ಚುಕ್ಕಿ ಇಡುತ್ತಿದ್ದ. ಎರಡು ಹಾಳೆಯನ್ನು ಒಂದರ ಮೇಲೊಂದು ಇಟ್ಟು ಅಡಿಯಿಂದ ದೀಪ ಹಾಕಿದರೆ ಚುಕ್ಕಿಗಳೆಲ್ಲ ಆ ಕಣಿವೆಯೊಳಗೇ ಬಿದ್ದವು. ಆಮೇಲೆ ಹೀಜನ್ ಒಪ್ಪಿದ. ಯಂತ್ರ ಇದ್ದರೆ ಸಾಲದು ಸರ್, ಅಂಕಿ ನೋಡಿದವರ ಮಾತು ಕೇಳುವ ಕಿವಿಯೂ ಬೇಕಿತ್ತು.

ಇನ್ನು ಕಿರಣ್ ಅವರ ಎಡಗಡೆಯ ಪಟ್ಟಿ. ಅದರಲ್ಲಿ ಗೆದ್ದವೇ ಇವೆ. ನಮ್ಮ ವೈದ್ಯಕೀಯದವು ಒಂದೆರಡು ಸೇರಿಸಿಕೊಳ್ಳಿ. 1747ರಲ್ಲಿ ಜೇಮ್ಸ್ ಲಿಂಡ್ ಹಡಗಿನಲ್ಲಿ ಸ್ಕರ್ವಿ ಬಂದ 12 ಜನರನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಬೇರೆಬೇರೆ ಔಷಧಿ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಆರೇ ದಿನದಲ್ಲಿ ಚೇತರಿಸಿಕೊಂಡರು. ಬ್ರಿಟಿಷ್ ನೌಕಾಪಡೆ ಎಲ್ಲ ನಾವಿಕರಿಗೂ ನಿಂಬೆರಸ ಕೊಡಲು ಒಪ್ಪಿದ್ದು 1795ರಲ್ಲಿ. 48 ವರ್ಷ! ಖಂಡ ದೂಡುವ ಬಲ ಬೇಕಿರಲಿಲ್ಲ ಅದಕ್ಕೆ, ಬುಟ್ಟಿ ನಿಂಬೆಹಣ್ಣು ಸಾಕಿತ್ತು. ಪೆನಿಸಿಲಿನ್ ಅನ್ನು ಫ್ಲೆಮಿಂಗ್ 1928ರಲ್ಲಿ ಕಂಡ. ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಪೊಲೀಸಿನವನಿಗೆ ಚುಚ್ಚಿದ್ದು 1941ರಲ್ಲಿ. ಚೇತರಿಸಿಕೊಳ್ಳುತ್ತಿದ್ದ, ಔಷಧಿ ಮುಗಿಯಿತು, ತೀರಿಕೊಂಡ. ಅದೂ ಬೇಗ ಬೇಗ ತಯಾರಾಗಲು ಯುದ್ಧವೇ ಬೇಕಾಯಿತು.

ಕಿರಣ್_ತುಮಕೂರು | ಶನಿವಾರ ಸಂಜೆ 5:45

ಹಾಳೆ ಹರಿದು ಹಾಕಿದೆ. ಹೊಸದು ಬರೆಯುತ್ತಿದ್ದೇನೆ 🙂

ಆದರೆ ಪೂರ್ತಿ ಸೋಲು ಒಪ್ಪುವುದಿಲ್ಲ. ತಾಲ್ಚೇರ್ ಕಲ್ಲಿಗೆ ಮ್ಯಾಗ್ನೆಟೋಮೀಟರ್ ಬೇಕಾ? ಅದು 1856ರಿಂದ ಬೀರುವಿನಲ್ಲಿ ಕೂತಿತ್ತು. ಬೇರೆ ಯಂತ್ರ ಬರುವವರೆಗೆ "ಗೊತ್ತಿಲ್ಲ" ಎನ್ನಬಹುದಿತ್ತಲ್ಲ. ಮುಳುಗಿದ ಸೇತುವೆ ಎಂದು ಖಡಾಖಂಡಿತವಾಗಿ ಪಾಠ ಮಾಡಿದ್ದು ಯಾಕೆ? ವೆಗೆನರ್‌ಗೆ ಪುರಾವೆ ಕೇಳಿದವರು ಸೇತುವೆಗೆ ಪುರಾವೆ ಕೇಳಲಿಲ್ಲ.

ಬಂಡೆ_ಶಾರದಾ | ಶನಿವಾರ ಸಂಜೆ 6:20

ಈ ಏಟು ಸರಿಯಾಗಿ ಬಿತ್ತು. ಇನ್ನೂ ಒಂದು ವಿಷಯ ಇದೆ. ಖಂಡದ ಬಂಡೆ ಹಗುರ, ಸಾಗರದ ತಳದ ಬಂಡೆ ಭಾರ. ಹಗುರವಾದದ್ದು ಭಾರವಾದದ್ದರೊಳಗೆ ಮುಳುಗುವುದು ಹೇಗೆ ಎಂದು ವೆಗೆನರ್ ಆಗಲೇ ಕೇಳಿದ್ದ. ಭೂಸೇತುವೆಯವರು ಅದಕ್ಕೆ ಸರಿಯಾಗಿ ಉತ್ತರ ಕೊಡಲೇ ಇಲ್ಲ.

1926ರಲ್ಲಿ ನ್ಯೂಯಾರ್ಕ್‌ನಲ್ಲಿ ಪೆಟ್ರೋಲಿಯಂ ಭೂವಿಜ್ಞಾನಿಗಳು ಇದಕ್ಕೆಂದೇ ಸಭೆ ಇಟ್ಟರು. ವೆಗೆನರ್ ಹೇಳಿದ್ದು ನಂಬಿದರೆ 70 ವರ್ಷ ಕಲಿತದ್ದೆಲ್ಲ ಮರೆತು ಮೊದಲಿಂದ ಶುರು ಮಾಡಬೇಕು ಎಂಬ ಮಾತು ಆ ಕಾಲದಲ್ಲಿ ಓಡಾಡುತ್ತಿತ್ತಂತೆ. ಅಮೆರಿಕದ ಭೂವಿಜ್ಞಾನಿ ರೋಲಿನ್ ಚೇಂಬರ್ಲಿನ್ ಇದನ್ನು ಬರೆದಿಟ್ಟಿದ್ದಾನೆ, ವೆಗೆನರ್ ವಿರುದ್ಧದ ವಾದವಾಗಿ! ಇದು ವಿಜ್ಞಾನ ಅಲ್ಲ, ಸೋಮಾರಿತನ.

ಎಲ್ಲರೂ ಹಾಗಿರಲಿಲ್ಲ ಎನ್ನುವುದೂ ನಿಜ. ಕಾಲಡಿಯಲ್ಲೇ ಗೊಂಡ್ವಾನದ ಬಂಡೆ ಇದ್ದವರು ಬೇಗ ನಂಬಿದರು. ದಕ್ಷಿಣ ಆಫ್ರಿಕಾದ ಅಲೆಕ್ಸಾಂಡರ್ ಡು ಟಾಯ್ಟ್ ಬ್ರೆಜಿಲ್, ಅರ್ಜೆಂಟೀನಾಗೆ ಹೋಗಿ ಕಲ್ಲು ಹೋಲಿಸಿ ನೋಡಿ 1937ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ನಮ್ಮ ಬೀರಬಲ್ ಸಾಹ್ನಿ 1936ರಲ್ಲಿ ಗಿಡಗಳ ಪಳೆಯುಳಿಕೆ ಹಿಡಿದು ವೆಗೆನರ್ ವಾದವನ್ನು ಪರೀಕ್ಷಿಸಿ ಲೇಖನ ಬರೆದರು. ಬ್ರಿಟನ್ನಿನ ಆರ್ಥರ್ ಹೋಮ್ಸ್ ಭೂಮಿಯೊಳಗಿನ ಬಿಸಿಬಂಡೆ ಕುದಿಯುವ ಸಾರಿನಂತೆ ಏರಿಳಿಯುತ್ತದೆ, ಅದೇ ಖಂಡವನ್ನು ಒಯ್ಯುತ್ತದೆ ಎಂದು 1920ರ ದಶಕದ ಕೊನೆಗೇ ಹೇಳಿದ್ದ. ಅಂದರೆ ದೂಡುವವನು ಯಾರು ಎಂಬುದಕ್ಕೂ ಒಂದು ಉತ್ತರ ಆಗಲೇ ಮೇಜಿನ ಮೇಲಿತ್ತು. ಅದಾದ ಮೇಲೆ ವೆಗೆನರ್ ಹೆಚ್ಚು ದಿನ ಬದುಕಲಿಲ್ಲ. 1930ರ ನವೆಂಬರ್ 1, ಅವನ 50ನೇ ಹುಟ್ಟುಹಬ್ಬ. ಅವತ್ತು ಗ್ರೀನ್‌ಲೆಂಡ್‌ನ ನಡುಹಿಮದ ಶಿಬಿರದಿಂದ ರಾಸ್ಮುಸ್ ವಿಲುಮ್ಸೆನ್ ಎಂಬ ಸ್ಥಳೀಯನ ಜೊತೆ ತೀರದ ಕಡೆ ಹೊರಟ. ಮುಂದಿನ ಮೇ ತಿಂಗಳಲ್ಲಿ ಹಿಮದಡಿ ಅವನ ದೇಹ ಸಿಕ್ಕಿತು. ವಿಲುಮ್ಸೆನ್ ಸಿಗಲೇ ಇಲ್ಲ.

ಮತ್ತೆ ಜೆಫ್ರೀಸ್? ಅವನು 1989ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ.

ಪೂರ್ವಿಕರ_ಜ್ಞಾನ | ಶನಿವಾರ ರಾತ್ರಿ 8:02

ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು. ದಕ್ಷಿಣದಲ್ಲಿ ಲೆಮೂರಿಯಾ ಖಂಡ ಇತ್ತು, ಮುಳುಗಿತು. ಪಾಶ್ಚಾತ್ಯರು ಕದ್ದರು.

ಬಂಡೆ_ಶಾರದಾ | ಶನಿವಾರ ರಾತ್ರಿ 8:15

ಲೆಮೂರಿಯಾ ಎಂಬ ಹೆಸರಿಟ್ಟದ್ದೇ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಫಿಲಿಪ್ ಸ್ಕ್ಲೇಟರ್, 1864ರಲ್ಲಿ. ಮಡಗಾಸ್ಕರ್‌ನ ಲೆಮುರ್ ಎಂಬ ಪ್ರಾಣಿಯ ಹೆಸರಿನಿಂದ. ಅದೂ ಭೂಸೇತುವೆಯ ಇನ್ನೊಂದು ಹೆಸರು ಅಷ್ಟೇ, ನಾವು ನಿನ್ನೆಯಿಂದ ಬೈಯುತ್ತಿರುವುದೇ ಅದನ್ನು. ಆದರೆ ಒಂದು ಚೂರು ಸಮಾಧಾನ ಇದೆ, ಕೇಳಿ. ಮಾರಿಷಸ್ ದ್ವೀಪದ ಲಾವಾ 90 ಲಕ್ಷ ವರ್ಷಕ್ಕಿಂತ ಹಳೆಯದಲ್ಲ. ಅದರಲ್ಲಿ ಕೋಟ್ಯಂತರ ವರ್ಷ ಹಳೆಯ ಜಿರ್ಕಾನ್ ಹರಳುಗಳು ಸಿಕ್ಕಿವೆ. ಖಂಡದ ಹಳೇ ತುಣುಕೊಂದು ಅಡಿಯಲ್ಲಿದೆ ಎನ್ನುತ್ತಾರೆ. ಆದರೆ ಅದು ಮನುಷ್ಯ ಹುಟ್ಟುವುದಕ್ಕೆ ಬಹಳ ಮೊದಲಿನ ಕಥೆ. ಅಲ್ಲಿ ಯಾವ ಪೂರ್ವಿಕರೂ ಇರಲಿಲ್ಲ.

ಕೆಜಿಎಫ್_ಮುರುಗೇಶ್ | ಶನಿವಾರ ರಾತ್ರಿ 9:30

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಕೆಳಗೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು, ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡಿದರೆ ಅಜ್ಜಿ ದೇವರ ಮುಂದೆ ಹೋಗಿ ನಿಲ್ಲುತ್ತಿದ್ದರು.

ನನ್ನ ಅನಿಸಿಕೆ ಬೇರೆ. ಖಂಡ ನಿಂತಿದೆ ಎಂದುಕೊಂಡರೂ ಚಿನ್ನ ಸಿಗುತ್ತಿತ್ತು, ಓಡುತ್ತಿದೆ ಎಂದುಕೊಂಡರೂ ಸಿಗುತ್ತಿತ್ತು. ಚಿನ್ನದ ಎಳೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅಗೆಯುತ್ತಾ ಹೋಗುವುದು ಅಷ್ಟೇ. ಕಲ್ಲಿದ್ದಲಿನವರಿಗೂ ಹಾಗೆ. ವಿಮಾನ ಹಾರದಿದ್ದರೆ ಅದನ್ನು ಮಾಡಿದವನು ಹಣ ಕಳೆದುಕೊಳ್ಳುತ್ತಾನೆ. ಭೂಸೇತುವೆ ಸುಳ್ಳಾದರೆ ಯಾರಿಗೂ ಒಂದು ರೂಪಾಯಿ ನಷ್ಟ ಇರಲಿಲ್ಲ. ಅದಕ್ಕೇ ಯಾರೂ ಅವಸರ ಮಾಡಲಿಲ್ಲ ಅಂತ ನನಗೆ ಅನಿಸುತ್ತೆ.

ಇನ್ನೊಂದು. 1965ರಲ್ಲಿ ಅದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನವರು, ಬ್ರಿಟನ್ನಿನವರು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಹಿಡಿದರು. ಭೂಮಿಯನ್ನೇ ತೂರಿ ಹೋಗುವ ಕಣ ಕೋಲಾರದಲ್ಲಿ ಸಿಕ್ಕಿತ್ತು. ಅದೇ ವರ್ಷ ಕಾಲಡಿಯ ನೆಲ ಅಲುಗುತ್ತದಾ ಇಲ್ಲವಾ ಎಂದು ದೊಡ್ಡದೊಡ್ಡವರು ಜಗಳ ಆಡುತ್ತಿದ್ದರು! ಈಗ ಗಣಿ ಮುಚ್ಚಿದೆ, 2001ರಲ್ಲಿ.

ಕಡಲು_ರಘು | ಶನಿವಾರ ರಾತ್ರಿ 9:55

ಮುರುಗೇಶ್ ಹೇಳಿದ್ದು ಬಹಳ ಸರಿ. ದುಡ್ಡು ಬಂದದ್ದು ಯಾರಿಂದ ನೋಡಿ. ಜಲಾಂತರ್ಗಾಮಿ ಹುಡುಕುವವರಿಂದ, ಅಣುಬಾಂಬ್ ಪರೀಕ್ಷೆ ಪತ್ತೆ ಮಾಡುವವರಿಂದ. 1960ರ ದಶಕದಲ್ಲಿ ಅಮೆರಿಕ ಜಗತ್ತಿನ ತುಂಬ ಒಂದೇ ನಮೂನೆಯ ಭೂಕಂಪಮಾಪಕ ಇಟ್ಟಿತು, ಭೂಮಿಯಡಿ ಯಾರು ಬಾಂಬ್ ಸಿಡಿಸಿದರು ಎಂದು ತಿಳಿಯಲು. ಕೊಡೈಕನಾಲ್‌ನಲ್ಲೂ ಒಂದಿತ್ತು. ನಮ್ಮ ಗೌರಿಬಿದನೂರಿನ ಭೂಕಂಪ ಕೇಂದ್ರವೂ ಅದೇ ದಶಕದಲ್ಲಿ, ಅದೇ ಉದ್ದೇಶಕ್ಕೆ ಆದದ್ದು. ಬಾಂಬ್ ಹುಡುಕಲು ಇಟ್ಟ ಯಂತ್ರಗಳು ಭೂಕಂಪಗಳನ್ನೂ ಬರೆದುಕೊಂಡವು. ಫಲಕಗಳ ಅಂಚು ಎಲ್ಲಿದೆ, ಯಾವ ಕಡೆ ಜಾರುತ್ತಿದೆ ಎಂದು ಅದರಿಂದಲೇ ಗೊತ್ತಾಯಿತು. ನೌಕಾಪಡೆ ಆಳದ ಅಂಕಿಗಳನ್ನು ಗುಟ್ಟಾಗಿ ಇಟ್ಟಿದ್ದರಿಂದ ಥಾರ್ಪ್ ಅಂಕಿ ಇಲ್ಲದ ಚಿತ್ರದಂಥ ನಕ್ಷೆ ಬರೆಯಬೇಕಾಯಿತು ಎಂಬುದೂ ನೆನಪಾಯಿತು. ಅಂದರೆ ಆ ದುಡ್ಡೇ ದಾರಿ ತೋರಿಸಿತು, ಅದೇ ಅಡ್ಡವೂ ನಿಂತಿತು.

ಮಲ್ಪೆ_ಸತೀಶ | ಭಾನುವಾರ ಬೆಳಿಗ್ಗೆ 7:40

ಮಾರಾಯ್ರೆ, ಗ್ರೀನ್‌ಲೆಂಡ್, ಬ್ರೆಜಿಲ್ ಎಲ್ಲ ಸುತ್ತಿ ಬಂದಿರಿ, ನಮ್ಮ ಮಲ್ಪೆ ಒಂದು ಬಿಟ್ಟಿರಿ. ತೋನ್ಸೆಪಾರ್, ಅಂದರೆ ಸೇಂಟ್ ಮೇರೀಸ್ ದ್ವೀಪ. ದೋಣಿ ಇಳಿದ ಕೂಡಲೇ ಕಂಬ ಕಂಬ ಕಲ್ಲು. ಯಾರೋ ಕೆತ್ತಿ ಜೋಡಿಸಿದ ಹಾಗೆ. ಐದು ಮೂಲೆ, ಆರು ಮೂಲೆ, ಕೆಲವಕ್ಕೆ ಏಳು. ಜನ ಅದರ ಮೇಲೆ ಹತ್ತಿ ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ. ಲಾವಾ ಹರಿದು ತಣ್ಣಗಾಗುವಾಗ ಬಿರಿದದ್ದು ಅದು, ಕೆರೆ ಒಣಗಿದಾಗ ಕೆಸರು ಬಿರಿಯುತ್ತದಲ್ಲ, ಹಾಗೆ. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಿತ್ತು ಹೋಗುವ ಹೊತ್ತಿನದು. ಅದೇ ವಯಸ್ಸಿನ ಲಾವಾ ಮಡಗಾಸ್ಕರ್‌ನಲ್ಲೂ ಉಂಟು.

ವೆಗೆನರ್ ಹೇಳುವಾಗಲೂ ಆ ಕಲ್ಲು ಅಲ್ಲೇ ಇತ್ತು, ನಮ್ಮ ಅಜ್ಜ ಬಲೆ ಬೀಸುವಾಗಲೂ ಇತ್ತು. ವಯಸ್ಸು ಲೆಕ್ಕ ಮಾಡುವ ಯಂತ್ರ ಬರುವ ತನಕ ಅದು ಬರೀ ಕಲ್ಲು.

ಕಿರಣ್_ತುಮಕೂರು | ಭಾನುವಾರ ಮಧ್ಯಾಹ್ನ 12:25

ನಿನ್ನೆ ರಾತ್ರಿ ನಿದ್ದೆ ಬರದೆ ಇನ್ನೊಂದು ಹುಡುಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಒಂದು ಜಿಪಿಎಸ್ ಆಂಟೆನಾ ಅಲುಗಾಡದಂತೆ ಕೂತಿದೆ. ಅದರ ಜಾಗದ ಅಂಕಿ ಎಲ್ಲರಿಗೂ ನೋಡಲು ಸಿಗುತ್ತದೆ. ಗ್ರಾಫ್ ಹಾಕಿದರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ವರ್ಷಕ್ಕೆ ಐದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಈಶಾನ್ಯಕ್ಕೆ. ಆಂಟೆನಾ ಅಲ್ಲೇ ಇದೆ, ಮಲ್ಲೇಶ್ವರ, ಯಶವಂತಪುರ ಎಲ್ಲ ಹೊತ್ತುಕೊಂಡು ಹೊರಟಿದೆ. ಮಗಳಿಗೆ ತೋರಿಸಿದೆ. ವೆಗೆನರ್ ಜೀವ ಕೊಟ್ಟರೂ ಸಿಗದ ಅಳತೆ ಈಗ ಮೊಬೈಲ್‌ನಲ್ಲಿ ಇದೆ.

ಎಲ್ಲರೂ ಉಗುರು ಬೆಳೆಯುವ ವೇಗ ಎನ್ನುತ್ತಾರೆ. ಉಗುರು ತಿಂಗಳಿಗೆ ಮೂರು ಮಿಲಿಮೀಟರ್ ಅಷ್ಟೇ. ನಮ್ಮ ದೇಶ ಉಗುರಿಗಿಂತ ಬೇಗ!

ಇನ್ನೂ ಒಂದು, ಇದು ನನ್ನ ಕಸುಬಿನದು. ಆಸ್ಟ್ರೇಲಿಯಾ ವರ್ಷಕ್ಕೆ ಏಳು ಸೆಂಟಿಮೀಟರ್ ಓಡುತ್ತದೆ. 1994ರ ಲೆಕ್ಕದ ನಕ್ಷೆ 2020ರ ಹೊತ್ತಿಗೆ 1.8 ಮೀಟರ್ ಹಿಂದೆ ಬಿದ್ದಿತ್ತು. ಡ್ರೈವರ್ ಇಲ್ಲದ ಟ್ರ್ಯಾಕ್ಟರ್ ಉಳುವಾಗ ಅಷ್ಟು ತಪ್ಪಿದರೆ ಪೈರಿನ ಮೇಲೇ ಹತ್ತುತ್ತದೆ. ಅದಕ್ಕೇ ಇಡೀ ದೇಶದ ನಿರ್ದೇಶಾಂಕಗಳನ್ನೇ ಬದಲಾಯಿಸಿದರು. ಮುರುಗೇಶ್, ಈಗ ಖಂಡ ನಿಂತಿದೆ ಎಂದರೆ ನಷ್ಟ ಆಗುವವರು ಇದ್ದಾರೆ ನೋಡಿ. ಬಗ್ ನಮ್ಮ ಟೇಬಲ್ಲಿಗೇ ಬಂತು.

ನಿವೃತ್ತ_ಮೇಷ್ಟ್ರು | ಭಾನುವಾರ ಮಧ್ಯಾಹ್ನ 1:10

ಕಿರಣ್, ಮಗಳಿಗೆ ಇದನ್ನೂ ಮಾಡಿಸಿ. ಹಳೇ ಅಟ್ಲಾಸಿನ ಮೇಲೆ ತೆಳು ಕಾಗದ ಇಟ್ಟು ಆಫ್ರಿಕಾ, ದಕ್ಷಿಣ ಅಮೆರಿಕ ಬರೆದು ಕತ್ತರಿಸಿ. ತೀರದ ಗೆರೆ ಹಿಡಿದರೆ ಅಲ್ಲಲ್ಲಿ ಸಂದು ಬೀಳುತ್ತದೆ. ತೀರದಾಚೆ ನೀರು ತೆಳುನೀಲಿ ಇರುತ್ತದಲ್ಲ, ಅದನ್ನೂ ಸೇರಿಸಿ ಕತ್ತರಿಸಿದರೆ ಇನ್ನೂ ಚೆನ್ನಾಗಿ ಕೂರುತ್ತದೆ. ಖಂಡದ ನಿಜವಾದ ಅಂಚು ನೀರಿನಡಿ ಇದೆ. ಕೇಂಬ್ರಿಜ್‌ನ ಬುಲಾರ್ಡ್ ಮತ್ತು ಜೊತೆಯವರು 1965ರಲ್ಲಿ ಕಂಪ್ಯೂಟರಿನಲ್ಲಿ ಇದನ್ನೇ ಮಾಡಿದರು, ಸುಮಾರು 900 ಮೀಟರ್ ಆಳದ ಗೆರೆ ಹಿಡಿದು. ನಾನು ಮೂವತ್ತು ವರ್ಷ ಕತ್ತರಿಯಲ್ಲಿ ಮಾಡಿಸಿದೆ. ಒಣಗಿದ ನಿಂಬೆಹಣ್ಣು ಮಾತ್ರ ತರಲಿಲ್ಲ.

ಕಿರಣ್_ತುಮಕೂರು | ಭಾನುವಾರ ಮಧ್ಯಾಹ್ನ 1:32

ಈಗಲೇ ಕತ್ತರಿ ಹುಡುಕುತ್ತಿದ್ದಾಳೆ ಮೇಷ್ಟ್ರೇ. ಸತೀಶಣ್ಣ, ಮುಂದಿನ ತಿಂಗಳು, ಜೂನ್‌ನಲ್ಲಿ, ಮಲ್ಪೆಗೆ ಬಂದರೆ ಆ ದ್ವೀಪಕ್ಕೆ ದೋಣಿ ಸಿಗುತ್ತದಾ?

ಮಲ್ಪೆ_ಸತೀಶ | ಭಾನುವಾರ ಮಧ್ಯಾಹ್ನ 1:50

ಜೂನ್‌ನಲ್ಲಾ? ಮಳೆಗಾಲದಲ್ಲಿ ದೋಣಿ ಬಂದ್. ಕಡಲು ಶಾಂತ ಆದ ಮೇಲೆ ಬನ್ನಿ, ನವರಾತ್ರಿ ಕಳೆದು. ಕಂಬ ಎಲ್ಲಿಗೂ ಹೋಗುವುದಿಲ್ಲ ಎನ್ನೋಣ ಎಂದರೆ ನೀವೆಲ್ಲ ಸೇರಿ ಅದನ್ನೂ ಹೇಳದ ಹಾಗೆ ಮಾಡಿದಿರಿ.